ಎಸ್ಸೆಸ್ಸೆಲ್ಸಿ ಆದ ಮೇಲೆ ಮಗಳಿಗೆ ಪಿಯುಸಿ ಸೈನ್ಸೋ, ಡಿಪ್ಲೊಮಾನೋ? ಅನುಭವ ಇದ್ದವರು ಹೇಳಿ

ಹಾವೇರಿ ಅಪ್ಪ: ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಕೆಟ್ಟ ಟಾರ್ಚು, ಫ್ಯಾನು ಬಿಚ್ಚುವುದೆಂದರೆ ಅವಳಿಗೆ ಪ್ರಾಣ. ಸೈನ್ಸ್ ಕಷ್ಟ ಅಂತ ಮನೆಯವರೆಲ್ಲ ಹೆದರಿಸ್ತಿದ್ದಾರೆ.

ಪಿಯು ಫಿಸಿಕ್ಸ್ ಮೇಡಂ: ಕಷ್ಟ ಸೈನ್ಸಲ್ಲ ಸರ್, ಮೊದಲ ಮೂರು ತಿಂಗಳ ಇಂಗ್ಲಿಷು. ವೇಗೋತ್ಕರ್ಷ ಚೆನ್ನಾಗಿ ಗೊತ್ತಿರುವ ಹುಡುಗಿಯೇ ‘ಆಕ್ಸಲರೇಷನ್’ ಅಂದಕೂಡಲೇ ಪೆನ್ನು ಕೆಳಗಿಡ್ತಾಳೆ. ರಜೆಯಲ್ಲಿ 9, 10ನೇ ತರಗತಿಯ ವಿಜ್ಞಾನ, ಗಣಿತದ ಇಂಗ್ಲಿಷ್ ಪುಸ್ತಕ ತಂದು ಕನ್ನಡದ್ದರ ಪಕ್ಕ ಇಟ್ಟು ಓದಿಸಿ. ಪಾಠ ಅದೇ, ಚಿತ್ರ ಅದೇ. ಸಂವೇಗ ಅಂದ್ರೆ ಮೊಮೆಂಟಮ್, ವಿಭವಾಂತರ ಅಂದ್ರೆ ಪೊಟೆನ್ಷಿಯಲ್ ಡಿಫರೆನ್ಸ್, ಹೀಗೆ ದಿನಕ್ಕೆ 15 ಪದ. ಬಾಯಿಪಾಠ ಸಾಲದು, ಆ ಪದ ಹಾಕಿ ಎರಡು ಸಾಲು ಬರೆಸಿ. ಇದಿಲ್ಲದೆ ಕೋಚಿಂಗಿಗೆ ದುಡ್ಡು ಸುರಿದರೆ ನೀರಲ್ಲಿ ಹೋಮ.

ಪಾಲಿಟೆಕ್ನಿಕ್ ಮೇಷ್ಟ್ರು: ಬಿಚ್ಚಿ ನೋಡುವ ಮಗುವನ್ನ ಎರಡು ವರ್ಷ ಬೋರ್ಡಿನ ಮುಂದೆ ಯಾಕ್ರೀ ಕೂರಿಸ್ತೀರಿ? ಡಿಪ್ಲೊಮಾ 3 ವರ್ಷ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಿದರೆ ಬಿಇ ಇನ್ನು 3. ಪಿಯುಸಿ ದಾರಿಯಲ್ಲೂ 2 ಮತ್ತು 4, ಒಟ್ಟು ಅದೇ 6. ಇವತ್ತೇ 9 ವೋಲ್ಟ್ ಬ್ಯಾಟರಿ, ಕೆಂಪು ಎಲ್‌ಇಡಿ, ಕರೆಂಟಿಗೆ ತಡೆ ಒಡ್ಡುವ 470 ಓಮ್ ರೆಸಿಸ್ಟರ್, ವೋಲ್ಟ್, ಕರೆಂಟ್ ಅಳೆಯುವ ಒಂದು ಮಲ್ಟಿಮೀಟರ್ ಕೊಡಿಸಿ. ಎಲ್‌ಇಡಿಗೆ ಸುಮಾರು 2 ವೋಲ್ಟ್ ಹೋಗುತ್ತೆ, ಉಳಿದ 7ನ್ನು 470ರಿಂದ ಭಾಗಿಸಿದರೆ 15 ಮಿಲಿಆಂಪ್. ಮೊದಲು ಲೆಕ್ಕ, ಆಮೇಲೆ ಅಳತೆ. ಕರೆಂಟ್ ಅಳೆಯುವಾಗ ಮೀಟರು ಸರಣಿಯಲ್ಲಿರಬೇಕು, ಅಂದ್ರೆ ತಂತಿಯನ್ನ ಒಂದು ಕಡೆ ಬಿಡಿಸಿ ನಡುವೆ ಸೇರಿಸಬೇಕು. ಬ್ಯಾಟರಿಯ ಎರಡು ತುದಿಗೆ ನೇರ ಹಚ್ಚಿದರೆ ಮೀಟರಿನ ಫ್ಯೂಸ್ ಹೋಗುತ್ತೆ.

ಪಿಯು ಫಿಸಿಕ್ಸ್ ಮೇಡಂ: ಬಿಇಗೆ ಹೋದಮೇಲಿನ ಗಣಿತದ ಮಾತೇ ಎತ್ತಲಿಲ್ಲವಲ್ಲ ನೀವು! ಪಿಯುಸಿಯ ಎರಡು, ಬಿಇಯ ಒಂದು, ಹೀಗೆ ಮೂರು ವರ್ಷ ಕ್ಯಾಲ್ಕುಲಸ್ ಅರೆದು ಬಂದವರ ಪಕ್ಕ ಕೂತಾಗ ಡಿಪ್ಲೊಮಾ ಮಕ್ಕಳು ಎಡವುವುದು ಅಲ್ಲೇ. ನಾಳೆ ಸಂಶೋಧನೆ ಕಡೆ ಮನಸ್ಸಾದರೆ? ವಿಜ್ಞಾನ ಸಂಶೋಧನೆಯ ಕೇಂದ್ರ ಸರ್ಕಾರಿ ಸಂಸ್ಥೆ ಐಸರ್‌ನ ಪ್ರವೇಶ ಪರೀಕ್ಷೆಯ 60 ಪ್ರಶ್ನೆಯಲ್ಲಿ 15 ಬಯಾಲಜಿ. ಪಿಸಿಎಂಬಿ, ಅಂದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ಕೊಡಿಸಿ.

ಸಿಇಟಿ ಸಹಾಯಕ: ನಿಮ್ಮ ಜಗಳ ಆಮೇಲೆ, ಮೊದಲು ಕಾಗದಪತ್ರ. 1ರಿಂದ 10ರವರೆಗೆ ಹಳ್ಳಿಯಲ್ಲೇ ಓದಿದ್ದರೆ ಬಿಇ ಮುಂತಾದವುಗಳ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ನಡುವೆ ಒಂದೇ ವರ್ಷ ಪುರಸಭೆ ವ್ಯಾಪ್ತಿಯ ಶಾಲೆಗೆ ಹೋಗಿದ್ದರೂ ಗ್ರಾಮೀಣ ಸಿಗದು. 1ರಿಂದ 7 ಒಂದು ಶಾಲೆ, ಮುಂದಿನದು ಇನ್ನೊಂದು ಅಂದ್ರೆ ಎರಡೂ ಕಡೆಯ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ. ಈಗಲೇ ಮಾಡಿಸಿಡಿ. ಇನ್ನೊಂದು, ಬಿಇ ರ‍್ಯಾಂಕಿಗೆ ದ್ವಿತೀಯ ಪಿಯು ಪಿಸಿಎಂ ಅಂಕವೇ ಅರ್ಧ. ಸಿಇಟಿ ಕೋಚಿಂಗ್ ಅಂತ ಕಾಲೇಜು ತಪ್ಪಿಸಿದವರು ಅಲ್ಲೇ ಕಳಕೊಳ್ಳೋದು.

ಪಿಯು ಫಿಸಿಕ್ಸ್ ಮೇಡಂ: ಬಿಎಸ್ಸಿ ಹಿಡಿದರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂ. ಇದೆ. ಬಿಇಗೆ ಇಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು: ಅದು ದ್ವಿತೀಯ ಪಿಯು ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದವರಿಗೆ, ಇಲ್ಲಾ ಜೆಇಇ, ನೀಟ್‌ನಲ್ಲಿ ಮುಂಚೂಣಿಯ ರ‍್ಯಾಂಕ್ ತಂದವರಿಗೆ ಮೇಡಂ. ಉಳಿದ ಮಕ್ಕಳಿಗೆ ಯಾವ ದಾರಿ ತೋರಿಸ್ತೀರಿ, ಅದನ್ನ ಹೇಳಿ.