ಒಂದೇ ವೃತ್ತ, ಎರಡು ಹೆಸರು

ತೀರ್ಥಹಳ್ಳಿ ಮನೆಯವರು (ವಾಟ್ಸಾಪ್ ಗುಂಪು)

ರಘು (ಹಂಚಿಕೊಂಡ ಸಂದೇಶ): “ಅಮೆರಿಕದಲ್ಲಿ ಮತಪತ್ರ ಅಚ್ಚಾದ ಮೇಲೆ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಬದಲಾದರೆ ಆ ಜೋಡಿಗೆ ಬಿದ್ದ ಮತಗಳೆಲ್ಲ ಅಸಿಂಧು! ಎಲ್ಲರಿಗೂ ತಿಳಿಸಿ.”

ರಘು: ಮೇಧಾ, ಇದು ನಿಮ್ಮ ಕಡೆಯ ವಿಷಯ. ನಿಜವೇ?

ಮೇಧಾ: ಶುದ್ಧ ಸುಳ್ಳು, ರಘು ಅಣ್ಣ. 1912ರಲ್ಲಿ ಇಂಥದ್ದು ನಡೆದೇ ಹೋಗಿದೆ. ಅಧ್ಯಕ್ಷ ಟಾಫ್ಟ್ ಮತ್ತೆ ಕಣಕ್ಕಿಳಿದಿದ್ದರು. ಅವರ ಜೊತೆಗಿದ್ದ ಹಾಲಿ ಉಪಾಧ್ಯಕ್ಷ ಜೇಮ್ಸ್ ಶರ್ಮನ್ ಅಕ್ಟೋಬರ್ 30ರಂದು ತೀರಿಕೊಂಡರು. ಮತದಾನ ನವೆಂಬರ್ 5ಕ್ಕೆ. ಆರು ದಿನದಲ್ಲಿ ಇಡೀ ದೇಶದ ಮತಪತ್ರಗಳನ್ನು ಮತ್ತೆ ಅಚ್ಚು ಹಾಕುವುದು ಎಲ್ಲಿಯ ಮಾತು? ಸುಮಾರು 35 ಲಕ್ಷ ಜನ ಆ ಜೋಡಿಗೇ ಮತ ಹಾಕಿದರು. ಶರ್ಮನ್ ಇಲ್ಲವೆಂಬ ಕಾರಣಕ್ಕೆ ಯಾರ ಮತವನ್ನೂ ತಳ್ಳಿಹಾಕಲಿಲ್ಲ.

ಸರೋಜತ್ತೆ: ತೀರಿಹೋದವರಿಗೆ ಬಿದ್ದ ಮತ ಯಾರ ಲೆಕ್ಕಕ್ಕೆ ಹೋಯಿತು?

ಮೇಧಾ: ಅತ್ತೆ, ಇಲ್ಲಿ ನಾವು ನೇರವಾಗಿ ಆರಿಸುವುದು ಎಲೆಕ್ಟರ್‌ಗಳನ್ನು. ಆಮೇಲೆ ಅವರು ಸೇರಿ ಅಧ್ಯಕ್ಷರಿಗೊಂದು, ಉಪಾಧ್ಯಕ್ಷರಿಗೊಂದು ಮತ ಹಾಕುತ್ತಾರೆ. ಟಾಫ್ಟ್ ಗೆದ್ದದ್ದು ಯೂಟಾ ಮತ್ತು ವರ್ಮಾಂಟ್ ಮಾತ್ರ, ಒಟ್ಟು 8 ಎಲೆಕ್ಟರ್‌ಗಳು. ಶರ್ಮನ್ ಜಾಗಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ನಿಕೊಲಸ್ ಮರ್ರಿ ಬಟ್ಲರ್ ಅವರ ಹೆಸರನ್ನು ಪಕ್ಷ ಮುಂದಿಟ್ಟಿತು. ಎಂಟು ಮತಗಳೂ ಅವರಿಗೆ ಬಿದ್ದವು.

ಶ್ರೀಧರ ಚಿಕ್ಕಪ್ಪ: ಮೇಧಾ, ರಘು ಹಾಕಿದ ಸಂದೇಶಕ್ಕಿಂತ ನಿನ್ನ ಉತ್ತರವೇ ನನಗೆ ಹೆಚ್ಚು ಕಳವಳ ತಂದಿತು. ಬಟ್ಲರ್ ಬೇಕೇ ಎಂದು ವರ್ಮಾಂಟಿನ ಒಬ್ಬ ರೈತನನ್ನಾದರೂ ಕೇಳಿದರೇ? 2018ರ ಮೇ 4ರಂದು ಜಯನಗರದ ಬಿಜೆಪಿ ಅಭ್ಯರ್ಥಿ ಬಿ.ಎನ್. ವಿಜಯಕುಮಾರ್ ತೀರಿಕೊಂಡಾಗ ನನ್ನ ಚುನಾವಣಾ ಕೆಲಸ ಅಲ್ಲಿಯೇ ಇತ್ತು. ತರಬೇತಿ ಮುಗಿದಿತ್ತು. ಯಂತ್ರಕ್ಕೆ ಹಚ್ಚುವ ಗುಲಾಬಿ ಬಣ್ಣದ ಮತಪತ್ರದ ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಎಲ್ಲವನ್ನೂ ನಿಲ್ಲಿಸಿದರು. ರಾಜ್ಯವೆಲ್ಲ ಮೇ 12ರಂದು ಮತ ಹಾಕಿತು, ಜಯನಗರ ಜೂನ್ 11ರಂದು ಹಾಕಿತು. ಪಕ್ಷ ಹೊಸ ಅಭ್ಯರ್ಥಿಯನ್ನು ನಿಲ್ಲಿಸಿತು, ಜನ ಅವರ ಹೆಸರನ್ನು ಓದಿ ಮತ ಹಾಕಿದರು, ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಗೆದ್ದರು. ನ್ಯಾಯವೆಂದರೆ ಅದು.

ಮೇಧಾ: ಒಂದು ಕ್ಷೇತ್ರವನ್ನು ತಿಂಗಳು ಕಾಯಿಸಬಹುದು, ಚಿಕ್ಕಪ್ಪ. ಇಲ್ಲಿ ಜನವರಿ 20ರ ಮಧ್ಯಾಹ್ನಕ್ಕೆ ಹಳೆಯ ಅಧ್ಯಕ್ಷರ ಅವಧಿ ಮುಗಿದೇ ಹೋಗುತ್ತದೆ. ದೇಶದ ಚುನಾವಣೆಯನ್ನೇ ಮುಂದೂಡುವ ಅಧಿಕಾರ ಯಾರ ಕೈಯಲ್ಲಿದ್ದರೂ ನನಗೆ ಭಯವೇ.

ಶ್ರೀಧರ ಚಿಕ್ಕಪ್ಪ: ಭಯ ಸರಿ. ಆದರೆ ಸಾವು ಒಂದು, ತಾನಾಗಿ ಹಿಂದೆ ಸರಿಯುವುದು ಇನ್ನೊಂದು. ನಮ್ಮಲ್ಲಿ ನಾಮಪತ್ರ ವಾಪಸು ಪಡೆಯುವ ದಿನ ದಾಟಿದರೆ ಹೆಸರು ಉಳಿಯುತ್ತದೆ, ಅಷ್ಟೆ.

ಮೇಧಾ: ಇಲ್ಲಿ ಅದು ರಾಜ್ಯಕ್ಕೊಂದು ಥರ. 2024ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರಾಬರ್ಟ್ ಕೆನಡಿ ಜೂನಿಯರ್ ಪ್ರಚಾರ ನಿಲ್ಲಿಸಿದಾಗ ನಾರ್ತ್ ಕೆರೊಲಿನಾದ ನ್ಯಾಯಾಲಯ ಅವರ ಹೆಸರು ತೆಗೆಯಲು ಹೇಳಿತು. ಅಷ್ಟರಲ್ಲಿ ಅಚ್ಚಾಗಿದ್ದ ಸುಮಾರು 29 ಲಕ್ಷ ಮತಪತ್ರಗಳು ವ್ಯರ್ಥವಾದವು. ವಿದೇಶದಲ್ಲಿರುವ ಮತದಾರರಿಗೆ 45 ದಿನ ಮೊದಲೇ ಪತ್ರ ಕಳುಹಿಸಬೇಕೆಂಬುದು ಕಾನೂನು, ಅದರ ತಲೆಬಿಸಿ ಬೇರೆ. ನಮ್ಮ ಮಿಷಿಗನ್‌ನಲ್ಲಿ ಅವರ ಹೆಸರು ಹಾಗೆಯೇ ಉಳಿಯಿತು. ಅಂಚೆಯಲ್ಲಿ ಬಂದ ಮತಪತ್ರವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡಾಗ ಆ ಜೋಡಿಯನ್ನು ನಾನೇ ಓದಿದೆ. ಎರಡು ಹೆಸರಿಗೆ ಒಂದೇ ವೃತ್ತ. ಒಬ್ಬರು ಬೇಕು, ಇನ್ನೊಬ್ಬರು ಬೇಡ ಎನ್ನಲು ಜಾಗವೇ ಇಲ್ಲ.

ಸರೋಜತ್ತೆ: ಹಾಗಾದರೆ ಬೇಗ ಬದಲಿಸಿದರೆ ತೊಂದರೆಯಿಲ್ಲವೇ?

ಮೇಧಾ: ಅಚ್ಚಿಗೆ ತೊಂದರೆಯಿಲ್ಲ, ಅತ್ತೆ. 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಮೆಕ್‌ಗವರ್ನ್ ಅವರ ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಥಾಮಸ್ ಈಗಲ್ಟನ್ ಆಯ್ಕೆಯಾದ 18 ದಿನಕ್ಕೇ, ಜುಲೈ 31ರಂದು ಹಿಂದೆ ಸರಿದರು. ಆಗಸ್ಟ್ 8ಕ್ಕೆ ಸಾರ್ಜೆಂಟ್ ಶ್ರೈವರ್ ಬಂದರು. ಈಗಲ್ಟನ್ ಹಿಂದೆ ಖಿನ್ನತೆಗೆ ಚಿಕಿತ್ಸೆ ಪಡೆದಿದ್ದರು ಎಂಬುದೇ ಕಾರಣ.

ಸರೋಜತ್ತೆ: ಕಾಯಿಲೆಗೆ ಔಷಧಿ ಪಡೆದದ್ದು ಅಪರಾಧವಾಯಿತೇ? ನಮ್ಮ ಮನೆಯಲ್ಲೇ ಇಂಥ ಕಾಯಿಲೆ ಕಂಡವಳು ನಾನು. ಓದಿ ಹೊಟ್ಟೆ ಉರಿಯಿತು.

ಮೇಧಾ: ನನಗೂ ಹಾಗೆಯೇ ಆಯಿತು, ಅತ್ತೆ.

ಶ್ರೀಧರ ಚಿಕ್ಕಪ್ಪ: ಚುನಾವಣೆ ಮುಂದೂಡುವುದು ಬೇಡ, ಒಪ್ಪಿದೆ. ಆದರೆ ಮೊದಲೇ ಅಂಚೆಗೆ ಹಾಕಿದವರಿಗೆ ಮನಸ್ಸು ಬದಲಿಸಲು ಅವಕಾಶ ಬೇಡವೇ?

ಮೇಧಾ: ಮಿಷಿಗನ್‌ನಲ್ಲಿ ಒಂದು ಗಡುವಿನೊಳಗೆ ಹಳೆಯದನ್ನು ರದ್ದು ಮಾಡಿಸಿ ಹೊಸ ಮತಪತ್ರ ಪಡೆಯಬಹುದು. ಎಲ್ಲ ರಾಜ್ಯಗಳಲ್ಲೂ ಅದು ಇರಬೇಕು. ಈ ಒಂದು ವಿಷಯದಲ್ಲಿ ನಾನು ನಿಮ್ಮ ಕಡೆಯೇ.

ರಘು: ಸಂದೇಶ ಅಳಿಸಿದ್ದೇನೆ. ಕಚೇರಿಯ ಗುಂಪಿಗೂ ಹಾಕಿದ್ದೆ, ಅಲ್ಲಿ ಶರ್ಮನ್ ವಿಷಯ ಬರೆಯುತ್ತೇನೆ.

ಶ್ರೀಧರ ಚಿಕ್ಕಪ್ಪ: ಜಯನಗರದ್ದನ್ನೂ ಸೇರಿಸು.