ಪದಚರ್ಚೆ: ಗುರುತುಗಳ್ಳ, ಹೆಸರುಗಳ್ಳ, ಸೋಗುಗಾರ – ಯಾವುದು ಸರಿ?

ಬಳಗದ ಎಲ್ಲರಿಗೂ ನಮಸ್ಕಾರ.

ಪೈಲಟ್, ಡಾಕ್ಟರು, ವಕೀಲ ಎಂದು ನಂಬಿಸಿ ವಂಚಿಸಿದೆನೆಂದು ಹೇಳಿಕೊಂಡ ಅಮೆರಿಕದ ಫ್ರಾಂಕ್ ಅಬಗ್ನೇಲ್ 1980ರಲ್ಲಿ ಪತ್ರಕರ್ತರೊಬ್ಬರ ಜೊತೆ ಸೇರಿ ಬರೆದ ಆತ್ಮಕಥೆಯ ಬಗ್ಗೆ ಓದುಗರ ಅಭಿಪ್ರಾಯಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅವುಗಳಲ್ಲಿ ಪದೇ ಪದೇ ಎದುರಾಗುವ ಮಾತು ‘ರಿಫಾರ್ಮ್ಡ್ ಐಡೆಂಟಿಟಿ ಥೀಫ್’, ಅಂದರೆ ಇನ್ನೊಬ್ಬರ ಹೆಸರು, ವಿವರ ಕದ್ದು ಬಳಸುತ್ತಿದ್ದು ಈಗ ತಿದ್ದಿಕೊಂಡವನು. ಎರಡು ವಾರದಿಂದ ನನ್ನ ಕೆಲಸ ಈ ಮೂರು ಪದಗಳ ಹತ್ತಿರವೇ ನಿಂತುಬಿಟ್ಟಿದೆ. ಯೋಚಿಸಿದ್ದನ್ನು ನಿಮ್ಮ ಮುಂದಿಡುತ್ತೇನೆ, ತಪ್ಪಿದ್ದರೆ ತಿದ್ದಿ.

ಮೊದಲು ಬರೆದದ್ದು ‘ಗುರುತುಗಳ್ಳ’. ಕೇಳಲು ಚೆನ್ನಾಗಿದೆ, ಸಮಾಸವೂ ಸಲೀಸಾಗಿ ಕೂಡುತ್ತದೆ. ಆದರೆ ನಮ್ಮಲ್ಲಿ ‘ಗಳ್ಳ’ ಬಂದ ಕಡೆಯೆಲ್ಲ ಅರ್ಥ ಒಂದೇ ಅಲ್ಲ. ದನಗಳ್ಳ ದನವನ್ನು ಕದಿಯುತ್ತಾನೆ. ಕನ್ನಗಳ್ಳ ಕನ್ನವನ್ನು ಕದಿಯುವುದಿಲ್ಲ, ಕನ್ನ ಕೊರೆದು ಕದಿಯುತ್ತಾನೆ. ಮೈಗಳ್ಳನೂ ಕೆಲಸಗಳ್ಳನೂ ಯಾರದ್ದನ್ನೂ ಹೊತ್ತೊಯ್ಯುವವರಲ್ಲ, ತಮ್ಮ ಮೈಯನ್ನೇ ಕೆಲಸದಿಂದ ತಪ್ಪಿಸುವವರು. ಈ ಕೊನೆಯ ಜೋಡಿ ಎಲ್ಲರ ನಾಲಿಗೆಯ ಮೇಲೂ ಇರುವುದರಿಂದ, ‘ಗುರುತುಗಳ್ಳ’ ಎಂದ ಕೂಡಲೇ ‘ತನ್ನ ಗುರುತು ಮರೆಸಿಕೊಂಡು ಓಡಾಡುವವನು’ ಎಂಬ ಅರ್ಥ ನನಗೇ ಮೊದಲು ಹೊಳೆಯಿತು. ಮನೆಯಲ್ಲಿ ಇಬ್ಬರನ್ನು ಕೇಳಿ ನೋಡಿದೆ, ಅವರೂ ಅದನ್ನೇ ಹೇಳಿದರು.

ಇನ್ನೂ ಆಳದ ತೊಡಕು ‘ಗುರುತು’ ಎಂಬ ಪದದಲ್ಲೇ ಇದೆ. ‘ನಿಮ್ಮ ಗುರುತು ಸಿಗಲಿಲ್ಲ’, ‘ಗುರುತು ಹಿಡಿದೆ’, ‘ಗುರುತು ಪರಿಚಯ ಇಲ್ಲದವರು’ ಎನ್ನುತ್ತೇವಲ್ಲ, ಇಲ್ಲೆಲ್ಲ ಗುರುತು ಇರುವುದು ನೋಡುವವರ ಬಳಿ. ನಳನ ಕತೆಯನ್ನೇ ನೆನೆಯಿರಿ. ಸ್ವಯಂವರದಲ್ಲಿ ನಾಲ್ವರು ದೇವತೆಗಳು ನಳನ ರೂಪವನ್ನೇ ಹೊತ್ತು ಸಾಲಾಗಿ ಕೂತರು. ರೆಪ್ಪೆ ಬಡಿಯದ ಕಣ್ಣು, ನೆಲಕ್ಕೆ ತಾಗದ ಪಾದ, ಬೆವರದ ಮೈ, ಬಾಡದ ಮಾಲೆ ಕಂಡ ದಮಯಂತಿ ಯಾರು ದೇವತೆ, ಯಾರು ನಳ ಎಂದು ಗುರುತು ಹಿಡಿದಳು. ರೂಪ ಕಳವಾಗಿತ್ತು, ಗುರುತು ಅವಳಲ್ಲೇ ಇತ್ತು. ನೋಡುವವರಲ್ಲಿರುವುದನ್ನು ನನ್ನಿಂದ ಕದ್ದರು ಎಂದು ಹೇಗೆ ಹೇಳುವುದು?

‘ಐಡೆಂಟಿಟಿ’ಗೆ ಕೆಲವರು ಬಳಸುವ ‘ಅಸ್ಮಿತೆ’ಯನ್ನಂತೂ ನಾನು ಒಪ್ಪುವುದಿಲ್ಲ. ಅದು ‘ನಾನಿದ್ದೇನೆ’ ಎಂಬ ಅರಿವಿನ ಪದ. ಯೋಗಸೂತ್ರದಲ್ಲಿ ಪತಂಜಲಿ ಮನಸ್ಸನ್ನು ಕಾಡುವ ಐದು ಕ್ಲೇಶಗಳಲ್ಲಿ ಒಂದಾಗಿ ಎಣಿಸಿದ್ದು ಅದನ್ನು. ಪಾಸ್‌ವರ್ಡ್ ಕದ್ದವನ ಕೈಗೆ ಅದು ಸಿಗುವುದಿಲ್ಲ.

ಹಾಗಾದರೆ ಅನುಭವಿಸಿದವರು ಏನನ್ನುತ್ತಾರೆ? ನನ್ನ ಅಕ್ಕನ ಹೆಸರಲ್ಲಿ ಯಾರೋ ಸಾಲ ಎತ್ತಿದ್ದರು. ವಸೂಲಿಯವನು ಫೋನು ಮಾಡಿ ಅವಳ ಹೆಸರು, ಹುಟ್ಟಿದ ದಿನಾಂಕ, ಹಳೆಯ ವಿಳಾಸ ಎಲ್ಲವನ್ನೂ ತಪ್ಪಿಲ್ಲದೆ ಓದಿದ. ಅಕ್ಕ ಒಂದೊಂದಕ್ಕೂ ‘ಹೌದು’ ಎನ್ನುತ್ತಾ ಹೋದಳು, ಸಾಲದ ಮೊತ್ತ ಬಂದಾಗ ಮಾತ್ರ ‘ಅದು ನಾನಲ್ಲ’ ಎಂದಳು. ಅವನು ನಂಬಲಿಲ್ಲ. ಫೋನು ಇಟ್ಟು ನನ್ನ ಕಡೆ ತಿರುಗಿ, ‘ನನ್ನ ಹೆಸರಲ್ಲಿ ಯಾರೋ ಸಾಲ ತಗೊಂಡಿದಾರೆ ಕಣೋ’ ಎಂದಳು. ಗುರುತು ಎನ್ನಲಿಲ್ಲ, ಕಳವು ಎನ್ನಲಿಲ್ಲ. ಹೆಸರು ಎಂದಳು. ಹೆಸರು ಮಾಡುವುದು, ಹೆಸರು ಉಳಿಸುವುದು, ಹೆಸರು ಕೆಡುವುದು, ಎಲ್ಲವೂ ಒಬ್ಬ ಮನುಷ್ಯನಿಗೆ ಅಂಟಿಕೊಂಡ ಮಾತುಗಳು. ಅಮೆರಿಕದಲ್ಲಿ ಇದಕ್ಕೆಂದೇ 1998ರಲ್ಲಿ ಬಂದ ಕಾಯಿದೆಯ ಹೆಸರಿನಲ್ಲಿ ಕಳ್ಳತನವಿದ್ದರೂ, ಒಳಗೆ ಅಪರಾಧವನ್ನು ವಿವರಿಸುವಾಗ ಇನ್ನೊಬ್ಬರನ್ನು ಗುರುತಿಸುವ ಸಾಧನವನ್ನು ಅಧಿಕಾರವಿಲ್ಲದೆ ಬಳಸುವುದು ಎಂದೇ ಹೇಳುತ್ತದೆ. ವಸ್ತು ಕದ್ದರೆ ಒಡೆಯನ ಕೈ ಬರಿದಾಗುತ್ತದೆ. ಹೆಸರು ಕದ್ದರೆ ಅದು ಒಡೆಯನ ಬಳಿಯೂ ಇರುತ್ತದೆ, ಸಾಲದ ಸಮೇತ. ಇದಕ್ಕೆ ‘ಹೆಸರುಗಳ್ಳ’ ಹತ್ತಿರದ ಪದ ಅನ್ನಿಸಿದೆ.

ಆದರೆ ಅದನ್ನು ಅಬಗ್ನೇಲ್‌ಗೆ ಅಂಟಿಸಲು ಹೋದಾಗ ಕೈ ತಡೆಯಿತು. ಪುಸ್ತಕದಲ್ಲಿ ಈತ ವಿಮಾನದ ಪೈಲಟ್ ಆಗಿ ಓಡಾಡುವಾಗ ಇಟ್ಟುಕೊಂಡ ಹೆಸರು ಫ್ರಾಂಕ್ ವಿಲಿಯಮ್ಸ್. ಅದು ಯಾರಿಂದಲೂ ಕಿತ್ತುಕೊಂಡದ್ದಲ್ಲ, ಕಟ್ಟಿಕೊಂಡದ್ದು. ರಾವಣ ಸನ್ಯಾಸಿಯಾಗಿ ಬಂದಾಗ ಹಾಕಿದ್ದು ವೇಷ, ಆ ವೇಷ ಯಾವ ಒಬ್ಬ ಸನ್ಯಾಸಿಯದೂ ಅಲ್ಲ. ಇಂದ್ರ ಗೌತಮನಾಗಿ ಬಂದದ್ದು ಬೇರೆ, ಅಲ್ಲಿ ಬದುಕಿದ್ದ ಒಬ್ಬ ಮನುಷ್ಯನನ್ನೇ ಹೊದ್ದುಕೊಂಡಿದ್ದ. ಮೊದಲನೆಯದಕ್ಕೆ ನಮ್ಮಲ್ಲಿ ‘ಸೋಗು’ ಎಂಬ ಒಳ್ಳೆಯ ಪದವಿದೆ. ಪೈಲಟ್ಟು, ಡಾಕ್ಟರು, ವಕೀಲ ಎಂದು ಈತ ಹೇಳಿಕೊಂಡದ್ದೆಲ್ಲ ಸೋಗು. ಆದ್ದರಿಂದ ಓದುಗರು ಏನೇ ಬರೆದಿರಲಿ, ಪುಸ್ತಕದೊಳಗಿನ ಮನುಷ್ಯನನ್ನು ‘ಸೋಗುಗಾರ’ ಎಂದೇ ಕರೆಯಬೇಕು ಅನ್ನಿಸುತ್ತದೆ.

ಪುಸ್ತಕದ ಹೊರಗಿನವನಿಗೆ ಆ ಪದವೂ ಸಾಲದು. 2002ರಲ್ಲಿ ಈ ಪುಸ್ತಕವನ್ನು ಆಧರಿಸಿದ ಸಿನಿಮಾ ಬಂದ ಸುಮಾರಿಗೆ ಈತನೇ, ಜೊತೆಗೆ ಬರೆದವರು ಕೆಲವನ್ನು ಹಿಗ್ಗಿಸಿ ಬರೆದರು ಎಂದು ಹೇಳಿದ. ಲೇಖಕ ಅಲನ್ ಲೋಗನ್ 2020ರಲ್ಲಿ ಹಳೆಯ ದಾಖಲೆಗಳನ್ನು ತೆಗೆದು, ಆ ಸಾಹಸಗಳು ನಡೆದವು ಎನ್ನುವ ವರ್ಷಗಳಲ್ಲಿ ಬಹುಭಾಗ ಈತ ನ್ಯೂಯಾರ್ಕ್ ರಾಜ್ಯದ ಜೈಲಿನಲ್ಲಿದ್ದ ಎಂದು ತೋರಿಸಿದರು. ದಾಖಲೆಯಲ್ಲಿ ಉಳಿದದ್ದು ಸಣ್ಣ ಸಂಗತಿಗಳು, ಅವುಗಳಲ್ಲಿ ಒಂದು: 1969ರಲ್ಲಿ ಲೂಯಿಸಿಯಾನಾದ ಬ್ಯಾಟನ್ ರೂಜ್‌ನಲ್ಲಿ, ನಂಬಿ ಮನೆಯೊಳಗೆ ಬಿಟ್ಟುಕೊಂಡಿದ್ದ ಒಂದು ಕುಟುಂಬದ ಚೆಕ್ಕುಗಳನ್ನು ಕದ್ದು ಸಿಕ್ಕಿಬಿದ್ದದ್ದು. ಇದಕ್ಕೆ ಹೊಸ ಪದ ಟಂಕಿಸಬೇಕಾಗಿಲ್ಲ. ‘ಉಂಡ ಮನೆಯ ಜಂತೆ ಎಣಿಸಿದವನು’ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಸಾಹಸವನ್ನು ಒಂದೇ ಉಸಿರಿಗೆ ಓದಿ ಮೆಚ್ಚಿದವರಿಗೂ, ಮೋಸಹೋದೆವು ಎಂದು ಸಿಟ್ಟಾದವರಿಗೂ ನಡುವಿನ ಜಗಳ ‘ಸೋಗುಗಾರ’ ಮತ್ತು ‘ಜಂತೆ ಎಣಿಸಿದವನು’ ಎಂಬ ಎರಡು ಮಾತುಗಳ ಜಗಳದಂತೆಯೇ ನನಗೆ ಕಾಣುತ್ತದೆ. ನಾನು ಸಿಟ್ಟಾದವರ ಕಡೆ.

ಉಳಿದದ್ದು ‘ರಿಫಾರ್ಮ್ಡ್’. ‘ಸುಧಾರಿತ’ ಎಂದರೆ ಬಿತ್ತನೆ ಬೀಜದ ನೆನಪಾಗುತ್ತದೆ. ‘ಮಾಜಿ’ ಹುದ್ದೆಗೆ ಸೇರಿದ್ದು. ‘ಸರಿದಾರಿಗೆ ಬಂದ’ ಸಹಜವಾಗಿದೆ, ಆದರೆ ಬಂದನೆಂದು ಹೇಳುತ್ತಿರುವುದು ನಾವು. ‘ತಿದ್ದಿಕೊಂಡ’ದಲ್ಲಿರುವ ‘ಕೊಳ್ಳು’ ಆ ಕೆಲಸವನ್ನು ಅವನಿಗೇ ಬಿಡುತ್ತದೆ, ಅದಕ್ಕೇ ನನಗೆ ಹಿಡಿಸಿತು. ವಂಚನೆ ತಡೆಯುವ ಬಗ್ಗೆ ದಶಕಗಳ ಕಾಲ ಉಪನ್ಯಾಸ ಕೊಟ್ಟವನಿಗೆ ಅದು ಸಲ್ಲಬಹುದು. ಪುಸ್ತಕಕ್ಕೆ ಸಲ್ಲುತ್ತದೆಯೇ? ಮಾಡಿದ್ದನ್ನು ಹೇಳಿಕೊಂಡರೆ ತಪ್ಪೊಪ್ಪಿಗೆ. ಮಾಡದ ತಪ್ಪನ್ನು ಮಾಡಿದೆನೆಂದು ಹೇಳಿಕೊಂಡರೆ ಅದು ಬಡಾಯಿ, ಬಡಾಯಿಯಲ್ಲಿ ಪಶ್ಚಾತ್ತಾಪಕ್ಕೆ ಜಾಗವೇ ಇಲ್ಲ.

ಈಗ ನನ್ನ ಪ್ರಶ್ನೆಗಳು. ‘ಹೆಸರುಗಳ್ಳ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ಅಲ್ಲೂ ಮೈಗಳ್ಳನ ನೆರಳು ಬೀಳುತ್ತದೆಯೇ? ಹೆಸರು ಕಳವಾದವರನ್ನು ಕರೆಯಲು ‘ಬಲಿಪಶು’ ಬಿಟ್ಟು ಬೇರೆ ಪದವಿದೆಯೇ? ಅಕ್ಕನನ್ನು ಹಾಗೆ ಕರೆಯಲು ನನಗೆ ಮನಸ್ಸಾಗುತ್ತಿಲ್ಲ. ನಿಮ್ಮ ಕಡೆಯ ಆಡುಮಾತಿನಲ್ಲಿ ಏನಾದರೂ ಇದ್ದರೆ ದಯವಿಟ್ಟು ಬರೆಯಿರಿ, ಕರಡಿನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.