ಕೀನ್ಯಾ ಜೊತೆ ರಾಗಿ ಜ್ಞಾನ ವಿನಿಮಯ, ಯುರೋಪಿನ ಅನುದಾನ: ದುಡ್ಡು ಮತ್ತು ಬೀಜ ಯಾವ ದಾರಿಯಲ್ಲಿ?

ಬೀಜದಕುಡಿಕೆ:
ತುಮಕೂರು ಜಿಲ್ಲೆಯ ರಿಜಿಸ್ಟರ್ಡ್ ಟ್ರಸ್ಟ್, ಆರು ವರ್ಷ ಹಳೆಯದು. ನಾಟಿ ರಾಗಿ ತಳಿಗಳ ಬೀಜ ಬ್ಯಾಂಕ್ ಇದೆ. ಯುರೋಪಿನ ಒಂದು ಪ್ರತಿಷ್ಠಾನ ಸುಸ್ಥಿರ ಕೃಷಿಯ ಜ್ಞಾನ ವಿನಿಮಯಕ್ಕೆ ಎರಡು ವರ್ಷದ ಅನುದಾನ ಕರೆದಿದೆ. ಏಷ್ಯಾದ ಒಂದು, ಆಫ್ರಿಕಾದ ಒಂದು ಸಂಸ್ಥೆ ಜೊತೆಯಾಗಿರಬೇಕು ಅನ್ನೋದು ಷರತ್ತು. ಪಶ್ಚಿಮ ಕೀನ್ಯಾದ ಬುಸಿಯಾ ಕಡೆಯ ರೈತ ಸಂಘಟನೆಯೊಂದು ಒಪ್ಪಿದೆ. ನಮ್ಮ ಪಾಲು ಸುಮಾರು 60 ಲಕ್ಷ, ಅವರದು 30 ಲಕ್ಷ. ನಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲ.

ಪೂರ್ತಿ 90 ಲಕ್ಷ ನಮಗೇ ಬಂದು, ಅವರ ಪಾಲನ್ನು ನಾವು ಕಳಿಸಬಹುದಾ? ಎಫ್‌ಸಿಆರ್‌ಎ ಇರುವ ಪರಿಚಯದ ಟ್ರಸ್ಟ್ ಮೂಲಕ ಹಣ ತರಿಸಿಕೊಳ್ಳಬಹುದಾ? ಎರಡೂ ಕಡೆಯ ಬೀಜ ಅದಲು ಬದಲು ಮಾಡೋದು ಹೇಗೆ? ಇದೆಲ್ಲ ತಲೆನೋವು ಬೇಡ ಅಂದರೆ ಭಾರತ–ವಿಶ್ವಸಂಸ್ಥೆ ಅಭಿವೃದ್ಧಿ ಪಾಲುದಾರಿಕೆ ನಿಧಿಗೆ ಅರ್ಜಿ ಹಾಕಬಹುದಾ?

ಖಾತೆಕಿರ್ದಿ:
ಮೊದಲ ಎರಡಕ್ಕೂ ಉತ್ತರ ಒಂದೇ: ಆಗಲ್ಲ.

2020ರ ತಿದ್ದುಪಡಿ ಆದಮೇಲೆ ಎಫ್‌ಸಿಆರ್‌ಎ ಸೆಕ್ಷನ್ 7ರ ಪ್ರಕಾರ, ವಿದೇಶಿ ದೇಣಿಗೆ ಪಡೆದವರು ಅದನ್ನು ಬೇರೆ ಯಾರಿಗೂ ವರ್ಗಾಯಿಸುವಂತಿಲ್ಲ. ಪಡೆಯುವವರಿಗೂ ನೋಂದಣಿ ಇದ್ದರೂ ಅಷ್ಟೆ. ಪರಿಚಯದ ಟ್ರಸ್ಟ್ ನಿಮಗೆ ಹಣ ದಾಟಿಸಿದರೆ ಸಿಕ್ಕಿಬೀಳೋದು ಅವರ ನೋಂದಣಿ. ಕೀನ್ಯಾಗೆ ಕಳಿಸೋದಂತೂ ದೂರದ ಮಾತು. ಟ್ರಸ್ಟ್ ಭಾರತದ ಹೊರಗೆ ಮಾಡಿದ ಖರ್ಚಿಗೆ ಆದಾಯ ತೆರಿಗೆ ವಿನಾಯಿತಿಯೂ ಸಾಮಾನ್ಯವಾಗಿ ಸಿಗಲ್ಲ.

ಪ್ರತಿಷ್ಠಾನದವರಿಗೆ ಮೊದಲೇ ಹೇಳಿ ಎರಡು ಪ್ರತ್ಯೇಕ ಅನುದಾನ ಒಪ್ಪಂದ ಮಾಡಿಸಿ, ಒಂದು ನಿಮ್ಮ ಜೊತೆ, ಇನ್ನೊಂದು ಬುಸಿಯಾದವರ ಜೊತೆ. ಕೆಲಸದ ಹೊಂದಾಣಿಕೆಗೆ ನಿಮ್ಮಿಬ್ಬರ ಮಧ್ಯೆ ದುಡ್ಡಿನ ಮಾತೇ ಇಲ್ಲದ ಒಡಂಬಡಿಕೆ ಸಾಕು. 'ಮುಖ್ಯ ಅರ್ಜಿದಾರರು ಹಣ ಹಂಚಬೇಕು' ಅಂತ ಪ್ರಕಟಣೆಯಲ್ಲೇ ಇದ್ದರೆ ಭಾರತದ ಸಂಸ್ಥೆ ಮುಖ್ಯ ಅರ್ಜಿದಾರ ಆಗಲೇಬಾರದು. ಎಷ್ಟೋ ಒಳ್ಳೆ ಅರ್ಜಿಗಳು ಬಿದ್ದುಹೋಗೋದು ಇಲ್ಲೇ, ಅದೂ ಆಯ್ಕೆ ಆದಮೇಲೆ.

ನಿಮ್ಮ 60 ಲಕ್ಷಕ್ಕೆ ಎರಡು ದಾರಿ. ಐದು ವರ್ಷದ ನೋಂದಣಿಗೆ (ಎಫ್‌ಸಿ-3ಎ ಅರ್ಜಿ) ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಮೂಲ ಚಟುವಟಿಕೆಗೆ ಒಟ್ಟು ಕನಿಷ್ಠ 15 ಲಕ್ಷ ಖರ್ಚಾಗಿರಬೇಕು. ಅಷ್ಟು ಖರ್ಚು ಲೆಕ್ಕದಲ್ಲಿ ಕಾಣದಿದ್ದರೆ ಪೂರ್ವಾನುಮತಿ (ಎಫ್‌ಸಿ-3ಬಿ ಅರ್ಜಿ): ಒಬ್ಬರೇ ದಾನಿ, ಒಂದೇ ಉದ್ದೇಶ, ಇಷ್ಟೇ ಮೊತ್ತ. ಇದಕ್ಕೆ ದಾನಿಯ ಬದ್ಧತಾ ಪತ್ರ, ಯೋಜನಾ ವರದಿ, ದರ್ಪಣ್ ಐಡಿ (ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್‌ನ ಗುರುತು ಸಂಖ್ಯೆ), ಪದಾಧಿಕಾರಿಗಳ ಆಧಾರ್, ನವದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಎಫ್‌ಸಿಆರ್‌ಎ ಖಾತೆ ಬೇಕು. ತುಮಕೂರಿನಲ್ಲಿ ಬಳಕೆ ಖಾತೆ ಬೇರೆ ತೆರೆಯಬಹುದು, ಆದರೆ ವಿದೇಶದ ಹಣ ಮೊದಲು ಇಳಿಯಬೇಕಾದದ್ದು ದೆಹಲಿ ಖಾತೆಗೇ. ಯಾವ ಖಾತೆಯಲ್ಲೂ ಸ್ಥಳೀಯ ದೇಣಿಗೆ ಬೆರೆಯಬಾರದು.

ಬದ್ಧತಾ ಪತ್ರದಲ್ಲಿ 'ಏಪ್ರಿಲ್ 1ರಿಂದ ಆರಂಭ' ಅಂತ ಬರೆಸಬೇಡಿ. 'ಗೃಹ ಸಚಿವಾಲಯದ ಅನುಮತಿ ಬಂದ ದಿನದಿಂದ 24 ತಿಂಗಳು' ಅಂತಿರಲಿ. ಕಾನೂನಿನಲ್ಲಿ ಸಾಮಾನ್ಯವಾಗಿ 90 ದಿನ ಅಂತಿದ್ದರೂ, ವೇಳಾಪಟ್ಟಿಯಲ್ಲಿ ಅದರ ದುಪ್ಪಟ್ಟು ಇಟ್ಟುಕೊಳ್ಳೋದು ಕ್ಷೇಮ.

'ಅನುದಾನ ಬೇಡ, ಕನ್ಸಲ್ಟೆನ್ಸಿ ಶುಲ್ಕ ಅಂತ ಬಿಲ್ ಹಾಕಿಬಿಡಿ' ಅನ್ನೋ ಸಲಹೆಯೂ ಯಾರಾದರೂ ಕೊಡುತ್ತಾರೆ. ಮಾಮೂಲಿ ವ್ಯವಹಾರದಲ್ಲಿ ಸೇವೆಗೆ ಬಂದ ಶುಲ್ಕ ವಿದೇಶಿ ದೇಣಿಗೆ ಅಲ್ಲ, ನಿಜ. ಆದರೆ ದಾನಿಯ ಕಾಗದದಲ್ಲೆಲ್ಲ 'ಅನುದಾನ' ಅಂತಲೇ ಇದ್ದಾಗ ಆ ಬಿಲ್ಲು ನಿಲ್ಲಲ್ಲ.

ತೆನೆಹಕ್ಕಿ:
ಬೀಜದ ವಿಷಯ. ಯಾರೂ ಒಂದು ಹಿಡಿ ರಾಗಿಯನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಬರಬಾರದು, ಹೋಗಬಾರದು. ಆಮದಿಗೆ ದೆಹಲಿಯ ಎನ್‌ಬಿಪಿಜಿಆರ್ (ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆ) ಪರವಾನಗಿ ಮತ್ತು ಅವರದೇ ಕ್ವಾರಂಟೈನ್ ತಪಾಸಣೆ ಬೇಕು. ಆ ಕಡೆ ಕೀನ್ಯಾದ ಸಸ್ಯ ಆರೋಗ್ಯ ತಪಾಸಣಾ ಸಂಸ್ಥೆ ಕೆಫಿಸ್‌ನ ಪರವಾನಗಿ, ಜೊತೆಗೆ ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ.

ರಾಗಿ ಅಂತರರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಅಂದರೆ ಸದಸ್ಯ ದೇಶಗಳು ತಳಿ ಹಂಚಿಕೊಳ್ಳುವ ಸಾಮಾನ್ಯ ವ್ಯವಸ್ಥೆಯ ಬೆಳೆಪಟ್ಟಿಯಲ್ಲಿ; ಭಾರತ ಮತ್ತು ಕೀನ್ಯಾ ಎರಡೂ ಅದರ ಸದಸ್ಯ ದೇಶಗಳು. ಹಾಗಾಗಿ ಸರ್ಕಾರಿ ಜೀನ್ ಬ್ಯಾಂಕಿನಿಂದ ಆ ವ್ಯವಸ್ಥೆಗೆ ಸೇರಿಸಿದ ತಳಿಯನ್ನು ಪ್ರಮಾಣಿತ ವಸ್ತು ವರ್ಗಾವಣೆ ಒಪ್ಪಂದದಡಿ ತರಿಸಬಹುದು, ಕಳಿಸಬಹುದು. ನಿಮ್ಮ ಬೀಜ ಬ್ಯಾಂಕಿನ ನಾಟಿ ತಳಿ ತನ್ನಷ್ಟಕ್ಕೆ ತಾನೇ ಆ ವ್ಯವಸ್ಥೆಯೊಳಗೆ ಬರಲ್ಲ. ಅದನ್ನು ಸಂಶೋಧನೆಗೆ ಹೊರಗಿನವರಿಗೆ ಕೊಡಬೇಕಾದರೆ ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಎರಡು ವರ್ಷದ ಯೋಜನೆಯಲ್ಲಿ ಇದನ್ನೇ ಮುಖ್ಯ ಫಲಿತಾಂಶ ಅಂತ ಬರೆದುಕೊಟ್ಟರೆ ಕತ್ತು ಸಿಕ್ಕಿಸಿಕೊಂಡ ಹಾಗೆ. ಬೇಕೇಬೇಕು ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಅಖಿಲ ಭಾರತ ಸಿರಿಧಾನ್ಯ ಸುಧಾರಣಾ ಯೋಜನೆಯವರನ್ನು ಜೊತೆಗೆ ಸೇರಿಸಿ ಅವರ ಮೂಲಕವೇ ಮಾಡಿ.

ಆಫ್ರಿಕಾದ ತಳಿ ನಮಗೇನೂ ಹೊಸದಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಮಾಡಿದ ಇಂಡಾಫ್ ತಳಿಗಳು ಭಾರತ–ಆಫ್ರಿಕಾ ರಾಗಿಗಳ ಸಂಕರವೇ. ಅರ್ಜಿಯ ಹಿನ್ನೆಲೆ ಭಾಗಕ್ಕೆ 'ಜಾಗತಿಕ ಸವಾಲು' ಅಂತ ಎರಡು ಪುಟ ತುಂಬಿಸೋ ಬದಲು ಈ ಮಾತು ಬರೆಯಿರಿ.

ನನ್ನ ಅಭಿಪ್ರಾಯ, ಬೀಜ ಬಿಟ್ಟು ಬೇಸಾಯದ ಕ್ರಮ ಹಂಚಿಕೊಳ್ಳಿ. ಪೂರ್ವ ಆಫ್ರಿಕಾದಲ್ಲಿ ಸಣ್ಣ ರೈತರು ಹೆಚ್ಚಾಗಿ ರಾಗಿಯನ್ನು ಎರಚಿ ಬಿತ್ತುತ್ತಾರೆ. ಸಾಲಿಲ್ಲದ ಮೇಲೆ ಎಡೆಕುಂಟೆ (ಸಾಲಿನ ನಡುವೆ ಕಳೆ ತೆಗೆಯುವ ಸಾಧನ) ಹೊಡೆಯೋಕಾಗಲ್ಲ, ಕಳೆ ಪೂರ್ತಿ ಕೈಯಲ್ಲೇ ಕೀಳಬೇಕು. ರಾಗಿಯ ಕಾಡು ಬಂಧುಗಳು ತೆನೆ ಬರೋವರೆಗೆ ಪೈರಿನ ಹಾಗೇ ಕಾಣುತ್ತವೆ. ಸಾಲಿದ್ದರೆ ಸಾಲಿನಾಚೆ ಹುಟ್ಟಿದ್ದೆಲ್ಲ ಕಳೆ ಅಂತ ಕಣ್ಣುಮುಚ್ಚಿ ಕೀಳಬಹುದು. ಸಾಲಿನಲ್ಲಿ ಬಿತ್ತುವ ಕೂರಿಗೆ, ಹಾವೇರಿ ಕಡೆಯ ಗುಳಿ ರಾಗಿ (ಸುಮಾರು ಒಂದೂವರೆ ಅಡಿ ಚೌಕಕ್ಕೊಂದು ಗುಳಿ, ಗುಳಿಗೆ ಎರಡು ಪೈರು), ಆಮೇಲೆ ಎಳೆಯ ಪೈರಿನ ಮೇಲೆ ಕೊರಡು (ಮರದ ದಿಮ್ಮಿ) ಎಳೆದು ಬಾಗಿಸಿ ತೆಂಡೆ (ಬುಡದಿಂದ ಒಡೆಯುವ ಕವಲು) ಹೆಚ್ಚಿಸೋದು: ಇವನ್ನು ಕಲಿಸಬಹುದು, ಅಳೆಯಬಹುದು, ಯಾವ ಪರವಾನಗಿಯೂ ಬೇಡ. ಅವರಿಂದ ನೀವು ಕಲಿಯೋದೇನು ಅನ್ನೋದನ್ನೂ ಅಷ್ಟೇ ನಿರ್ದಿಷ್ಟವಾಗಿ ಬರೆಯಿರಿ. ಬೆಳೆಯ ಬೇರಿಗೆ ಅಂಟಿ ಬದುಕುವ ಸ್ಟ್ರೈಗಾ ಕಳೆಯ ಜೊತೆ ಅವರದು ದೊಡ್ಡ ಗುದ್ದಾಟ, ಅಲ್ಲಿಂದಲೇ ಶುರುಮಾಡಬಹುದು. ಒಮ್ಮುಖ ಪಾಠವನ್ನು ಮೌಲ್ಯಮಾಪಕರು ಪಾಲುದಾರಿಕೆ ಅಂತ ಒಪ್ಪಲ್ಲ.

ದಾರಿಬುತ್ತಿ:
ನಾಲ್ಕನೇ ಪ್ರಶ್ನೆ ಬಾಕಿ ಉಳಿಯಿತು. 2017ರಲ್ಲಿ ಶುರುವಾದ ಆ ಭಾರತ–ವಿಶ್ವಸಂಸ್ಥೆ ನಿಧಿಗೆ ಟ್ರಸ್ಟುಗಳು ಅರ್ಜಿ ಹಾಕೋಕಾಗಲ್ಲ. ಕೇಳಬೇಕಾದ್ದು ಪಾಲುದಾರ ದೇಶದ ಸರ್ಕಾರ, ಜಾರಿ ಮಾಡೋದು ವಿಶ್ವಸಂಸ್ಥೆಯ ಸಂಸ್ಥೆಗಳು. 2004ರಲ್ಲಿ ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾ ಸೇರಿ ಶುರುಮಾಡಿದ ಇಬ್ಸಾ ನಿಧಿಯದೂ ಹೆಚ್ಚುಕಡಿಮೆ ಅದೇ ಕಥೆ.

ಭೇಟಿಗಳನ್ನು ಬೆಳೆ ನೋಡಿ ಇಡಿ, ದಾನಿಯ ತ್ರೈಮಾಸಿಕ ನೋಡಿ ಅಲ್ಲ. ಅವರು ಇಲ್ಲಿಗೆ ಅಕ್ಟೋಬರ್–ನವೆಂಬರ್‌ನಲ್ಲಿ ಬಂದರೆ ತೆನೆ ಕಾಣುತ್ತೆ. ಕೊರಡು ಎಳೆಯೋದು ನೋಡಬೇಕಾದರೆ ಇನ್ನೊಂದು ತಂಡ ಜುಲೈ–ಆಗಸ್ಟ್‌ನಲ್ಲೇ ಬರಬೇಕು. ಅಲ್ಲಿ ದೊಡ್ಡ ಮಳೆ ಮಾರ್ಚ್‌ನಿಂದ ಮೇ. ಕೀನ್ಯಾಗೆ ಹೋಗಿ ವಾಪಸ್ ಬರೋವಾಗ ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ಸೀದಾ ಕ್ವಾರಂಟೈನ್. ಲಸಿಕೆ ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಆಗಿರಬೇಕು.

ನಿಮ್ಮವರ ವಿಮಾನ ಟಿಕೆಟ್ಟು, ಅಲ್ಲಿನ ವಾಸ್ತವ್ಯ ಕೀನ್ಯಾದವರ ಬಜೆಟ್‌ನಲ್ಲಿರಲಿ. ಆದರೆ ಕೃಷಿ ಇಲಾಖೆಯ ಅಧಿಕಾರಿಯನ್ನು ಕರೆದೊಯ್ದರೆ ಅದು ವಿದೇಶಿ ಆತಿಥ್ಯ ಆಗುತ್ತೆ. ಹೊರಡೋ ಎರಡು ವಾರ ಮುಂಚೆಯಾದರೂ ಅವರು ಗೃಹ ಸಚಿವಾಲಯಕ್ಕೆ ಎಫ್‌ಸಿ-2 (ಆತಿಥ್ಯದ ಅನುಮತಿ) ಅರ್ಜಿ ಹಾಕಿರಬೇಕು.

ಬೀಜದಕುಡಿಕೆ:
ಹಾಗಾದರೆ ಎರಡು ಒಪ್ಪಂದ, ನಮ್ಮದು ಎಫ್‌ಸಿ-3ಬಿ. ದಾನಿಯವರು ಪರೋಕ್ಷ ವೆಚ್ಚ ಅಂತ 10% ಕೊಡ್ತಾರೆ. ಅಕೌಂಟೆಂಟ್ ಮತ್ತು ಸಂಯೋಜಕರ ಸಂಬಳ ನೇರ ವೆಚ್ಚದಲ್ಲಿದೆ. ತೊಂದರೆ ಇಲ್ಲ ಅಲ್ವಾ?

ಖಾತೆಕಿರ್ದಿ:
ಇದೆ. ದಾನಿಯ ಲೆಕ್ಕದಲ್ಲಿ ನೇರ ವೆಚ್ಚ ಆದದ್ದು ಎಫ್‌ಸಿಆರ್‌ಎ ಲೆಕ್ಕದಲ್ಲಿ ಆಡಳಿತ ವೆಚ್ಚ ಆಗಬಹುದು. ಆಡಳಿತ ವೆಚ್ಚ ಆ ಹಣಕಾಸು ವರ್ಷದಲ್ಲಿ ಬಂದ ಹಣದ 20% ಮೀರುವಂತಿಲ್ಲ, 2020ಕ್ಕೆ ಮುಂಚೆ 50% ಇತ್ತು. ಆಡಿಟ್, ಕಚೇರಿ ಬಾಡಿಗೆ, ಅಕೌಂಟೆಂಟ್, ವರದಿ ಬರೆಸೋದು, ನಿರ್ವಹಣಾ ಸಿಬ್ಬಂದಿ ಎಲ್ಲ ಅದರೊಳಗೆ. ಹೊಲದಲ್ಲಿ ತರಬೇತಿ ಕೊಡುವವರನ್ನು ಹೊರಗಿಡಬಹುದು, ಆದರೆ ನೇಮಕಾತಿ ಪತ್ರದಲ್ಲಿ ಆ ಕೆಲಸವೇ ಬರೆದಿರಬೇಕು.

ಮೊದಲ ವರ್ಷ 40, ಎರಡನೇ ವರ್ಷ 20 ಲಕ್ಷ ಬಂತು ಅನ್ನಿ. ಮಿತಿ 8 ಮತ್ತು 4 ಲಕ್ಷ. ಸಂಬಳ ಎರಡೂ ವರ್ಷ ಒಂದೇ ಆದ್ದರಿಂದ ಎರಡನೇ ವರ್ಷ ಮಿತಿ ದಾಟಬಹುದು. ಕಂತನ್ನು 30–30 ಮಾಡಿಸಿ. ಪ್ರತಿ ಡಿಸೆಂಬರ್ 31ರೊಳಗೆ ಎಫ್‌ಸಿ-4 (ವಾರ್ಷಿಕ ಲೆಕ್ಕಪತ್ರ) ಸಲ್ಲಿಸಬೇಕು, ಹಣ ಬಾರದ ವರ್ಷವೂ 'ಶೂನ್ಯ' ಅಂತ.